ಪಟ್ಟೆ ಉಟ್ಟ ಪಾವ್ಲಿನ್ ಬಾಯಿ

ಬಿಳಿ ಫ್ರಾಕು, ಬಿಳಿ ಕಾಲುಚೀಲ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಟೋಪಿ. ಇಷ್ಟರ ಮೇಲೆ ಸೊಂಟಕ್ಕೆ ಸುತ್ತಿಕೊಂಡ, ಅಂಚು ಹರಿದ, ಹಳೇ ರೇಷ್ಮೆ ಪಟ್ಟೆ ಸೀರೆಯ ತುಂಡು. ಪಾವ್ಲಿನ್ ಬಾಯಿಯನ್ನು ನೆನೆದರೆ ಇವತ್ತಿಗೂ ನನ್ನ ಕಣ್ಣಿಗೆ ಮೊದಲು ಬರುವುದು ಈ ವೇಷ. ಇಡೀ ಮುಂಬಯಿಯಲ್ಲಿ ಮಡಿ ಉಟ್ಟು ಗಾಯ ತೊಳೆದ ನರ್ಸ್ ಅವರೊಬ್ಬರೇ ಇದ್ದಿರಬೇಕು. ಅದೂ ಹುಟ್ಟಾ ಮಂಗಳೂರಿನ ಕೆಥೋಲಿಕರು, ದಿನಕ್ಕೆರಡು ಹೊತ್ತು ಮೀನಿಲ್ಲದೆ ಅನ್ನ ಇಳಿಯದವರು.

ಅವರು ಬರುವುದು ಕಾಣಿಸುವ ಮೊದಲೇ ಕೇಳಿಸುತ್ತಿತ್ತು. ಕುರ್ಲಾದಿಂದ ಲೋಕಲ್ ಹಿಡಿದು ಸಯನ್‌ನಲ್ಲಿ ಇಳಿದು, ನಮ್ಮ ಬಿಲ್ಡಿಂಗಿನ ಮೂರು ಮಾಳಿಗೆ ಹತ್ತುವಷ್ಟರಲ್ಲಿ ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಬೀಳುತ್ತಿತ್ತು. "ಈ ಬಿಲ್ಡಿಂಗ್ ಕಟ್ಟಿದವನ ಮಂಡಿ ಮುರಿದು ಹೋಗ್ಲಿ! ಸಾಯ್ಬಾ ಭೊಗೊಸ್!" ಸಾಯ್ಬಾ ಭೊಗೊಸ್ ಅಂದರೆ ಕೊಂಕಣಿಯಲ್ಲಿ 'ದೇವರೇ, ಕ್ಷಮಿಸು' ಎಂದು. ಬೈದ ಕೂಡಲೇ ಮೇಲಿನವನ ಹತ್ತಿರ ಕ್ಷಮೆ ಕೇಳಿಬಿಡುವುದು ಅವರ ಪದ್ಧತಿ. ಮುಂದಿನ ಮೆಟ್ಟಿಲಿಗೆ ಮತ್ತೆ ಹೊಸದಾಗಿ ಬೈಯಬಹುದಲ್ಲ!

ಐವತ್ತರ ದಶಕದ ನಡುವಿನ ಮಾತು. ಮನೆಯಲ್ಲಿ ನಾವು ಮೂವರು: ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು, ಮದುವೆಯಾಗಿ ಎರಡು ವರ್ಷವಾಗಿದ್ದ ನಾನು, ಮತ್ತು ನನ್ನ ಅತ್ತೆ ಭಾಗೀರಥಮ್ಮ. ಅತ್ತೆ ಉಡುಪಿ ಕಡೆಯ ವಿಧವೆ ಮುದುಕಿ, ಮಡಿಯಲ್ಲಿ ಬೆಂಕಿ. ಲೋಕಲ್‌ನಲ್ಲಿ ನೂರು ಜನರನ್ನು ತಾಗಿಸಿಕೊಂಡು ಬಂದ ಮಗ ಸ್ನಾನ ಮಾಡದೆ ಅಡಿಗೆಮನೆಯ ಹೊಸ್ತಿಲು ಮುಟ್ಟಿದರೆ ಅವತ್ತು ಮನೆಯಲ್ಲಿ ಕುರುಕ್ಷೇತ್ರ. ಇಂಥ ಅತ್ತೆ, ಎದೆಯಲ್ಲಿ ಗಡ್ಡೆ ಎದ್ದಾಗ, ಒಂದು ವರ್ಷ ಯಾರಿಗೂ ಹೇಳಲಿಲ್ಲ. ಗಡ್ಡೆಯ ಭಯಕ್ಕಿಂತ ಗಂಡಸು ಡಾಕ್ಟರು ಮುಟ್ಟುತ್ತಾರೆ ಎಂಬ ಭಯ ಅವರಿಗೆ ದೊಡ್ಡದಾಗಿತ್ತು. ಸೆರಗಿನ ಮೇಲೆ ಕಲೆ ಕಂಡು ನಾವು ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕಾಲ ಮಿಂಚಿತ್ತು. ಆಪರೇಷನ್ ಆಯಿತು, ಬಲತೋಳು ಊದಿ ದಿಂಬಾಯಿತು, ಗಾಯ ಮಾತ್ರ ಮಾಯಲಿಲ್ಲ. ರೋಗ ಒಳಗೆಲ್ಲ ಹರಡಿದೆ, ಇನ್ನು ನಾವು ಮಾಡುವಂಥದ್ದು ಏನೂ ಇಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು ಡಾಕ್ಟರು.

ಚೆನ್ನಾಗಿ ನೋಡಿಕೊಳ್ಳುವುದು ಹೇಗೆ? ಅತ್ತೆ ಹಾಲ್‌ನ ಮೂಲೆಗೆ ಪರದೆ ಎಳೆಸಿಕೊಂಡು ಒಳಗೆ ಸೇರಿಬಿಟ್ಟರು. ಗಾಯಕ್ಕೆ ವಾಸನೆ ಹಿಡಿದಿತ್ತು. ಅದು ಅವರಿಗೂ ಗೊತ್ತಿತ್ತು. "ಯಾರೂ ಮುಟ್ಟುವುದು ಬೇಡ, ನೋಡುವುದೂ ಬೇಡ. ನಾನು ಹೀಗೇ ಹೋಗ್ತೇನೆ." ಗಂಜಿಯ ಲೋಟವನ್ನು ಪರದೆಯ ಅಡಿಯಿಂದ ತಳ್ಳಬೇಕು. ಬಟ್ಟೆಯನ್ನು ಎಡಗೈಯಲ್ಲಿ ತಾವೇ ಕಟ್ಟಿಕೊಳ್ಳುತ್ತಿದ್ದರು, ನೋವಿಗೆ ಹಲ್ಲು ಕಚ್ಚಿಕೊಂಡು. ಗುಣವಾಗುವ ಆಸೆಯನ್ನು ನಾನೂ ಬಿಟ್ಟಿದ್ದೆ. ಆದರೆ ನಮ್ಮ ಊಟದ ಮಣೆಯಿಂದ ನಾಲ್ಕು ಮಾರು ದೂರದಲ್ಲಿ, ಒಂದು ಚೀಟಿ ಬಟ್ಟೆಯ ಹಿಂದೆ, ಆ ಹೆಂಗಸು ನಾಚಿಕೆಯಲ್ಲೇ ಒಂಟಿಯಾಗಿ ಸತ್ತುಹೋದರೆ ನಾನು ಜೀವಮಾನವೆಲ್ಲ ಹೇಗೆ ಅನ್ನ ಉಣ್ಣಲಿ? ಆ ದಿನಗಳಲ್ಲಿ ನನಗಿದ್ದ ಚಿಂತೆ ಅದೊಂದೇ.

ಆಗ ಡಾಕ್ಟರು ಕಳಿಸಿದವರು ಪಾವ್ಲಿನ್ ಬಾಯಿ. ಐವತ್ತರ ಆಸುಪಾಸು, ಗುಂಡು ಗುಂಡಾದ ಮೈ, ಕೈಯಲ್ಲಿ ಗಂಡಸರ ಕೊಡೆ, ಇನ್ನೊಂದು ಕೈಯಲ್ಲಿ ತಗಡಿನ ಪೆಟ್ಟಿಗೆ. ಬಾಗಿಲಲ್ಲೇ ನಾನು ದನಿ ತಗ್ಗಿಸಿ, ಡಾಕ್ಟರು ಇನ್ನೇನೂ ಇಲ್ಲ ಅಂದಿದ್ದಾರೆ ಎಂದು ಕಣ್ಣೀರು ಹಾಕಿದೆ.

"ಏನೂ ಇಲ್ಲ ಅಂದ್ರಾ? ಒಳ್ಳೇದಾಯ್ತು. ಅವರದ್ದು ಮುಗೀತು ಅಂದ್ರೆ ನನ್ನದು ಶುರು. ಎಷ್ಟು ಕೆಲಸ ಉಂಟು ಗೊತ್ತುಂಟಾ ಮಾರಾಯ್ತಿ? ಖಾಲಿಪೀಲಿ ಅಳ್ತಾ ನಿಲ್ಲಬೇಡ, ನೀರು ಕುದಿಸ್ಲಿಕ್ಕೆ ಇಡು."

ಪರದೆಯ ಹಿಂದಿನಿಂದ ಅತ್ತೆಯ ದನಿ ಬಂತು. "ಯಾರದು? ಕಿರಿಸ್ತಾನದವಳಾ? ಹೊರಗೇ ನಿಲ್ಲಲಿ."

ಎರಡು ದಿನ ಬಾಯಿ ಹೊರಗೇ ನಿಂತರು. ನಿಂತರು ಅಂದರೆ ಪರದೆಯ ಈಚೆ ಸ್ಟೂಲು ಹಾಕಿಕೊಂಡು ಕೂತು ಪರದೆಯ ಜೊತೆ ಮಾತಾಡಿದರು. ಮಾತು ಬೇರೆ ಯಾವುದೂ ಅಲ್ಲ, ಮೀನು. ಮಳೆಗಾಲದಲ್ಲಿ ತಾಜಾ ಮೀನಿಲ್ಲದ ಸಂಕಟ, ಒಣಮೀನನ್ನು ಕೆಂಡದ ಮೇಲೆ ಸುಡುವಾಗ ಬರುವ ಪರಿಮಳ, ಬಂಗುಡೆಗೆ ಯಾವ ಹುಳಿ, ಕಾಣೆ ಮೀನಿಗೆ ಯಾವ ಹುಳಿ. ಒಳಗಿನಿಂದ "ರಾಮ ರಾಮ! ಅವಳ ಬಾಯಿ ಮುಚ್ಚಿಸೇ!" ಎಂದು ಅತ್ತೆ ಕೂಗುತ್ತಿದ್ದರು. ಅವರಿಬ್ಬರ ಮಾತೆಲ್ಲ ತುಳುವಿನಲ್ಲಿ. ನಾನಿಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಯುವುದಕ್ಕಾದರೂ ಅತ್ತೆ ಬಾಯಿ ತೆರೆದರಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ.

ಮೂರನೇ ದಿನ ಬಾಯಿ ಬೇರೆ ರಾಗ ತೆಗೆದರು. "ಅಮ್ಮ, ಪಟ್ಟೆಗೆ ಮೈಲಿಗೆ ತಾಗುವುದಿಲ್ಲ ಅಲ್ವಾ? ನನ್ನ ತಾಯಿ ಭಟ್ರ ಮನೆ ಅಂಗಳದಲ್ಲಿ ಭತ್ತ ಕುಟ್ಟಿದವಳು, ನನಗೆ ಎಲ್ಲ ಗೊತ್ತುಂಟು. ನಿಮ್ಮದೇ ಒಂದು ಹಳೇ ಪಟ್ಟೆ ಕೊಡಿ. ಅದನ್ನು ಸುತ್ತಿಕೊಂಡು ಒಳಗೆ ಬರ್ತೇನೆ. ಮುಟ್ಟುವುದು ಪಟ್ಟೆ, ನಾನಲ್ಲ."

ಒಳಗಿನಿಂದ ಮೊದಲು ಒಂದು 'ರಾಮ ರಾಮ' ಬಂತು. ಆಮೇಲೆ, "ಟ್ರಂಕಿನ ತಳದಲ್ಲಿ ಒಂದುಂಟು. ಅಂಚು ಹರಿದದ್ದು. ಒಳ್ಳೆಯದಕ್ಕೆ ಕೈ ಹಾಕಬೇಡಿ," ಎಂದು ಅಪ್ಪಣೆಯಾಯಿತು.

ಹೀಗೆ ಪರದೆ ಸರಿಯಿತು. ಬಾಯಿ ಮೊದಲು ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿದರು. ಎಷ್ಟು ಹೊತ್ತು ತಿಕ್ಕಬೇಕು ಎಂಬುದಕ್ಕೆ ಅವರಲ್ಲಿ ಗಡಿಯಾರವಿರಲಿಲ್ಲ. ಕೊಂಕಣಿಯಲ್ಲಿ ಮೇರಿಮಾತೆಯ ಪ್ರಾರ್ಥನೆ ಮೂರು ಸಲ ಹೇಳಿ ಮುಗಿಯಬೇಕು, ಅಷ್ಟೇ. ಒಳಗೆ ಹೋದವರು ಮೂಗು ಮುರಿಯಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. "ಇಷ್ಟೇಯಾ? ನಾನು ಇದಕ್ಕಿಂತ ದೊಡ್ಡದನ್ನು ಬೇಕಾದಷ್ಟು ನೋಡಿದ್ದೇನೆ," ಅಂದರು, ಅಂಗಡಿಯಲ್ಲಿ ಕುಂಬಳಕಾಯಿ ನೋಡಿದ ಹಾಗೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದು, ಯಜಮಾನರ ಹಳೇ ಮಲ್ಲು ಪಂಚೆಯನ್ನು ಬೇಯಿಸಿ ಒಣಗಿಸಿ ಪಟ್ಟಿ ಮಾಡಿ ಕಟ್ಟಿದರು. ವಾಸನೆಗೆ ಮಂಚದ ಕೆಳಗೆ ಒಂದು ಬೋಗುಣಿ ಇದ್ದಿಲು ಇಟ್ಟರು. ಊದಿದ ತೋಳಿನ ಅಡಿಗೆ ಎರಡು ದಿಂಬು, ಹಿಮ್ಮಡಿಗೆ ತೆಂಗಿನೆಣ್ಣೆ. ಕೊನೆಗೆ ಪರದೆಯನ್ನು ಸರಿಗೆಯಿಂದಲೇ ಬಿಚ್ಚಿ ನನ್ನ ಕೈಗೆ ಕೊಟ್ಟು ಕಿಟಕಿ ತೆರೆದರು. ದೂರದಿಂದ ಲೋಕಲ್‌ನ ಸೀಟಿ ಕೇಳಿಸಿತು. ಎಷ್ಟೋ ವಾರಗಳ ಮೇಲೆ ಅತ್ತೆಯ ಮುಖ ಬೆಳಕಿನಲ್ಲಿ ನೋಡಿದೆ, ಅರ್ಧಕ್ಕರ್ಧ ಇಳಿದಿದ್ದರು.

ಡಾಕ್ಟರು ಕೊಟ್ಟಿದ್ದ ನೋವಿನ ಮಿಕ್ಸ್ಚರನ್ನು ಅತ್ತೆ ತಡೆಯಲಾಗದೆ ಹೋದಾಗ ಮಾತ್ರ ಕುಡಿಯುತ್ತಿದ್ದರು. ಬಾಯಿ ಅದನ್ನೂ ಬದಲಿಸಿದರು. "ಪೂರಾ ಒದ್ದೆ ಆದ ಮೇಲೆ ಕೊಡೆ ಬಿಚ್ಚಿದ್ರೆ ಎಂತ ಪ್ರಯೋಜನ? ನೋವು ಬರುವ ಮೊದಲೇ ಮದ್ದು ಒಳಗೆ ಇರ್ಬೇಕು." ಆ ಕೆಲಸ ನನ್ನ ಪಾಲಿಗೆ. ಹೊತ್ತು ತಪ್ಪಿದರೆ ನನಗೂ ಮೆಟ್ಟಿಲಿಗೆ ಆದಷ್ಟೇ ಮಂಗಳಾರತಿ, ಹಿಂದೆಯೇ ಒಂದು ಸಾಯ್ಬಾ ಭೊಗೊಸ್.

ಈ ನರ್ಸಿನ ಮಡಿ ತಮ್ಮ ಮಡಿಗಿಂತ ಒಂದು ಕೈ ಮೇಲೆ ಎಂಬುದು ಅತ್ತೆಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ದಿನ ಬಾಯಿ ಕುದಿಸಿದ ಕತ್ತರಿ, ಚಿಮಟ, ಬಟ್ಟೆಗಳನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ ಇಟ್ಟಿದ್ದರು. ಅತ್ತೆ ಕುತೂಹಲಕ್ಕೆ ಬೆರಳು ಚಾಚಿ ಬಟ್ಟೆಯ ತುದಿ ಮುಟ್ಟಿದರು.

"ಮುಟ್ಟಿದ್ರಾ!" ಬಾಯಿ ಚೀರಿದ ರಭಸಕ್ಕೆ ನಾನು ಅಡಿಗೆಮನೆಯಿಂದ ಓಡಿ ಬಂದೆ. "ಎಲ್ಲ ಹಾಳಾಯ್ತು! ಇನ್ನು ಪೂರ್ತಿ ಮತ್ತೆ ಕುದಿಸ್ಬೇಕು. ನನ್ನ ಸಾಮಾನು ಮುಟ್ಟಬೇಡಿ ಅಂತ ಎಷ್ಟು ಸಲ ಹೇಳುವುದು ನಿಮಗೆ?"

ಅರುವತ್ತು ವರ್ಷ ಊರಿಗೆಲ್ಲ 'ಮುಟ್ಟಬೇಡ, ಮುಟ್ಟಬೇಡ' ಎಂದು ಹೇಳಿದ ಹೆಂಗಸು ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಕೂತಿತು. ಮೊದಲು ಮುಖ ಕೆಂಪಾಯಿತು. ಆಮೇಲೆ ತುಟಿ ನಡುಗಿತು. ಅಳುತ್ತಾರೆ ಅಂದುಕೊಂಡೆ. ಅತ್ತೆ ನಗುತ್ತಿದ್ದರು! ಗಾಯ ಎಳೆದು ನೋವಾಗಿ "ಅಯ್ಯೋ, ಅಯ್ಯೋ" ಅನ್ನುತ್ತಲೇ ನಕ್ಕರು. "ನನಗೇ ಮೈಲಿಗೆ ಮಾಡಿದಳಲ್ಲೇ ಇವಳು!"

ಅವತ್ತಿನಿಂದ ಅವರಿಬ್ಬರೂ ಒಂದು ಮಠದ ಶಿಷ್ಯರಾದರು. ಬಾಯಿ ಕೈ ತೊಳೆಯುವಾಗ ಅತ್ತೆ ಮಂಚದಿಂದಲೇ ಕಿವಿ ಕೊಡುತ್ತಿದ್ದರು. "ಏ, ಇವತ್ತು ಎರಡೇ ಸಲ ಹೇಳಿದ್ದು. ಮೂರನೆಯದು ಎಲ್ಲಿ ಹೋಯಿತು?" ಬಾಯಿ ಗೊಣಗುತ್ತ ಮತ್ತೊಮ್ಮೆ ಸೋಪು ಹಚ್ಚುತ್ತಿದ್ದರು.

ಅಷ್ಟರಲ್ಲಿ ಆಟಿ ಬಂತು. ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳು. ಶುಭಕಾರ್ಯ ಇಲ್ಲ, ಹೊರಗೆ ಕಾಲಿಡುವ ಹಾಗಿಲ್ಲ, ಆ ಒಂದು ತಿಂಗಳು ಮಾತ್ರ ಚೆನ್ನೆಮಣೆಯನ್ನು ಅಟ್ಟದಿಂದ ಇಳಿಸಿ ಆಡುವುದು ರೂಢಿ. ಹದಿನಾಲ್ಕು ಗುಳಿಯ ಮರದ ಮಣೆ, ಕೆಂಪು ಮಂಜೊಟ್ಟಿ ಕಾಯಿ. ಒಂದೊಂದೇ ಕಾಯಿಯನ್ನು ಗುಳಿಗೆ ಹಾಕುತ್ತ ಹೋಗಿ ಎದುರಿನವರ ಕಾಯಿ ಬಾಚುವುದು. ಆಟಿ ಮುಗಿದ ಮೇಲೆ ಮಣೆ ಹೊರಗಿದ್ದರೆ ಮನೆಗೆ ಕೇಡು. ಅತ್ತೆ ಈ ಆಟದಲ್ಲಿ ಊರಿಗೇ ಎತ್ತಿದ ಕೈ. ಈ ವರ್ಷ ಆಡುತ್ತಾರೋ ಇಲ್ಲವೋ ಎಂದು ಅಂಜುತ್ತಲೇ ಮಣೆ ಇಳಿಸಿದೆ. ನಾನು ಆಡಿ ಬೇಕೆಂದೇ ಸೋತೆ. ಎರಡನೇ ಆಟಕ್ಕೆ ಅತ್ತೆ ಕಾಯಿಗಳನ್ನೆಲ್ಲ ನೆಲಕ್ಕೆ ಚೆಲ್ಲಿದರು. "ಸಾಯುವವಳಿಗೆ ಭಿಕ್ಷೆ ಹಾಕ್ತೀಯಾ? ಎತ್ತಿಡು!"

ಮಂಜೊಟ್ಟಿ ಹೆಕ್ಕುತ್ತ ಬಾಯಿ ಕೇಳಿದರು. "ನಾನು ಆಡಬಹುದಾ? ಚಿಕ್ಕಂದಿನಲ್ಲಿ ನೆರೆಮನೆಯವರ ಹತ್ತಿರ ಕಲಿತದ್ದುಂಟು."

ಅತ್ತೆ ಮೇಲಿಂದ ಕೆಳಗೆ ನೋಡಿದರು. "ಚೆನ್ನೆ ಅಂದರೆ ಯಾರು ಯಾರೋ ಆಡುವುದಲ್ಲ. ಗಂಡ-ಹೆಂಡತಿ ಆಡಬಾರದು. ಅಕ್ಕ-ತಂಗಿಯಂತೂ ಆಡಲೇಬಾರದು, ಆಡಿದರೆ ಇಬ್ಬರಲ್ಲಿ ಒಬ್ಬಳು ಉಳಿಯುವುದಿಲ್ಲ. ನೀನು ನನಗೆ ಯಾರೂ ಅಲ್ಲ. ಹಾಗಾಗಿ ಅಡ್ಡಿಯಿಲ್ಲ, ಕೂತುಕೋ."

ಯಾರೂ ಅಲ್ಲದ ಪಾವ್ಲಿನ್ ಬಾಯಿ ಕೂತರು. ಕೂತು, ಮೂರು ಆಟ ಆಡಿ, ಮೂರರಲ್ಲೂ ನನ್ನ ಅತ್ತೆಯನ್ನು ನಿರ್ದಯವಾಗಿ ಸೋಲಿಸಿದರು. ನನಗೆ ಮೈಯೆಲ್ಲ ಉರಿಯಿತು. ಅಡಿಗೆಮನೆಗೆ ಕರೆದು, "ಹೇಗೂ ಹೋಗುವ ಜೀವ ಬಾಯಿ. ಒಂದು ಆಟ ಸೋತಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?" ಎಂದು ಜಗಳಕ್ಕೇ ನಿಂತೆ.

ಬಾಯಿ ಶಾಂತವಾಗಿ ಟೋಪಿ ಸರಿಮಾಡಿಕೊಂಡರು. "ನಾಳೆ ಅವರು ಯಾಕೆ ಏಳಬೇಕು ಹೇಳು? ಗಂಜಿ ಕುಡೀಲಿಕ್ಕಾ? ಗಾಯ ತೊಳೆಸ್ಕೊಳ್ಳಿಕ್ಕಾ? ನನ್ನನ್ನು ಸೋಲಿಸ್ಲಿಕ್ಕೆ ಏಳ್ತಾರೆ, ನೀನೇ ನೋಡು. ಮತ್ತೆ ಆ ಊದಿದ ಕೈ ಉಂಟಲ್ಲ, ಬೆರಳು ಆಡಿಸಿ ಅಂತ ನಾನು ಹೇಳಿದ್ರೆ ಕೇಳ್ತಾರಾ? ಕಾಯಿ ಹಾಕ್ಲಿಕ್ಕೆ ಆಡಿಸ್ತಾರೆ."

ಮರುದಿನ ಬೆಳಿಗ್ಗೆ ನಾನು ಕರೆಯುವ ಮೊದಲೇ ಅತ್ತೆ ಎದ್ದು ಗೋಡೆಗೆ ಒರಗಿ ಕೂತಿದ್ದರು. ಕೇಳಿ ಗಂಜಿ ಕುಡಿದರು. ಮಿಕ್ಸ್ಚರಿನ ಹೊತ್ತನ್ನೂ ಅವರೇ ನೆನಪಿಸಿದರು, ತಲೆ ಸರಿಯಾಗಿ ಓಡಬೇಕಲ್ಲ ಎಂದು. ಮೆಟ್ಟಿಲಲ್ಲಿ ಬೈಗುಳ ಕೇಳಿಸಿದಾಗ, "ಬಂದಳು. ಮಣೆ ತಾ," ಅಂದರು. ಅವರ ಕಣ್ಣಿನಲ್ಲಿ ನಾನು ಆ ಮಿಂಚು ಕಾಣದೆ ತಿಂಗಳುಗಳೇ ಆಗಿದ್ದವು.

ಗಾಯ ತೊಳೆಯುವಾಗ ಮೀನಿನ ಪುರಾಣ, ಕಟ್ಟಿದ ಮೇಲೆ ಚೆನ್ನೆ. ನೋವು ಹೆಚ್ಚಿದ್ದ ದಿನ ಬಾಯಿಯ ಮೀನು ದೊಡ್ಡದಾಗುತ್ತಿತ್ತು. ಒಂದು ದಿನ ಅತ್ತೆ, "ಅದಕ್ಕೆ ಕೊತ್ತಂಬರಿ ಹುರಿದು ಹಾಕಿದೆಯಾ, ಹಸಿಯಾ?" ಎಂದು ಕೇಳಿಬಿಟ್ಟರು. ನಾನು ಬೆಚ್ಚಿ ನೋಡಿದೆ. "ಸುಮ್ಮನೆ ಕೇಳಿದೆನಪ್ಪ! ಹುರಿಯದಿದ್ದರೆ ಯಾವ ಸಾರಿಗೂ ರುಚಿ ಬರುವುದಿಲ್ಲ," ಎಂದು ಮುಖ ತಿರುಗಿಸಿಕೊಂಡರು.

ಆಟಿ ಮುಗಿಯಿತು. ಪಂಚಾಂಗದ ವಿಷಯದಲ್ಲಿ ಅತ್ತೆಗೆ ಯಾರೂ ಟೋಪಿ ಹಾಕುವಂತಿರಲಿಲ್ಲ. ಅವತ್ತು ನಾನು ಮಣೆ ಎತ್ತಿಡಲೋ ಬೇಡವೋ ಎಂದು ಒದ್ದಾಡುತ್ತಿದ್ದಾಗ ಬಾಯಿ ಒಳಗೆ ಬಂದು, "ನಮ್ಮ ಇಗರ್ಜಿಯ ಕ್ಯಾಲೆಂಡರಿನಲ್ಲಿ ಆಟಿ ಇನ್ನೂ ಮುಗೀಲಿಲ್ಲ," ಎಂದು ಗಂಭೀರವಾಗಿ ಸಾರಿದರು. ಇಗರ್ಜಿಯ ಕ್ಯಾಲೆಂಡರಿನಲ್ಲಿ ಆಟಿ ಎಂಬುದೇ ಇಲ್ಲವೆಂದು ಮೂವರಿಗೂ ಗೊತ್ತಿತ್ತು. ಅತ್ತೆ ಒಂದು ಗಳಿಗೆ ಯೋಚಿಸಿ, "ನಿಮ್ಮದು ಇಂಗ್ಲಿಷ್ ಲೆಕ್ಕವಲ್ಲವಾ, ನಿಧಾನ ಇದ್ದೀತು," ಅಂದರು. ಆ ವರ್ಷ ಆಟಿ ಗಣೇಶ ಚೌತಿ ದಾಟಿ, ನವರಾತ್ರಿ ದಾಟಿ ನಡೆಯಿತು. ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಮುಂಬಯಿಯ ಕೋಳಿ ಬೆಸ್ತರ ದೋಣಿಗಳು ಮತ್ತೆ ಹೊರಟವು, ತಾಜಾ ಬಂಗುಡೆ ಬಂತು, ಬಾಯಿಯ ಮುಖ ಹೊಳೆಯಿತು. ನಮ್ಮ ಮನೆಯಲ್ಲಿ ಮಾತ್ರ ಆಟಿಯೇ.

ಅತ್ತೆ ಒಂದೇ ಒಂದು ಸಲ ಗೆದ್ದರು. ಬಾಯಿ ಒಪ್ಪಲಿಲ್ಲ. "ಒಂದು ಕಾಯಿ ದಿಂಬಿನ ಅಡಿಗೆ ಹೋಗಿದೆ, ಮೋಸ!" ದಿಂಬು ಕೊಡವಿದರು, ಹೊದಿಕೆ ಕೊಡವಿದರು. ಕಾಯಿ ಸಿಗಲಿಲ್ಲ. ಇಬ್ಬರ ಗಲಾಟೆಗೆ ಪಕ್ಕದ ಮನೆಯವರು ಏನಾಯಿತೆಂದು ಓಡಿ ಬಂದರು. ಅತ್ತೆ ನನ್ನ ಕೈಯಲ್ಲಿ ಹೆಸರುಬೇಳೆ ಪಾಯಸ ಮಾಡಿಸಿ ಮಾಳಿಗೆಗೆಲ್ಲ ಹಂಚಿಸಿದರು. ಮರುದಿನ ಬಾಯಿ ಲೋಕಲ್‌ನಲ್ಲಿ ಬರುವಾಗ ಮಡಿಲ ಮೇಲೆ ಹುಣಿಸೆಬೀಜ ಇಟ್ಟುಕೊಂಡು ಅಭ್ಯಾಸ ಮಾಡಿದ್ದರಂತೆ.

ಪಾಯಸದ ಸಂಭ್ರಮ ಮುಗಿದ ವಾರದಲ್ಲೇ ಅತ್ತೆ ಇಳಿಯತೊಡಗಿದರು. ಮಿಕ್ಸ್ಚರು ಸಾಲದೆ ಡಾಕ್ಟರು ಇಂಜೆಕ್ಷನ್ ಬರೆದರು. ಒಂದು ಬೆಳಿಗ್ಗೆ ಗಾಯ ಕಟ್ಟಿಸಿಕೊಳ್ಳುತ್ತ ಅತ್ತೆ ನೇರವಾಗಿ ಕೇಳಿದರು. "ಪಾವ್ಲಿನ್, ಇನ್ನೆಷ್ಟು ದಿನವೇ?"

ನಾವಾಗಿದ್ದರೆ 'ಛೆ, ಎಂಥ ಮಾತು' ಅನ್ನುತ್ತಿದ್ದೆವು. ಬಾಯಿ ಅನ್ನಲಿಲ್ಲ. "ಎಷ್ಟು ದಿನ ಅಂತ ನನಗೆ ಗೊತ್ತಿಲ್ಲ ಅಮ್ಮ, ತುಂಬ ಇಲ್ಲ. ಆದ್ರೆ ನಿಮ್ಮನ್ನು ನೋವಿನಲ್ಲಿ ಹೋಗ್ಲಿಕ್ಕೆ ನಾನು ಬಿಡುವುದಿಲ್ಲ. ಒಬ್ಬರೇ ಹೋಗ್ಲಿಕ್ಕೂ ಬಿಡುವುದಿಲ್ಲ. ಅದೆರಡು ನನ್ನ ಕೈಯಲ್ಲಿ ಉಂಟು." ಅತ್ತೆ ತಲೆಯಾಡಿಸಿದರು. ಆ ಉತ್ತರಕ್ಕೆ ಅವರು ಹೆದರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನಾನು ಹೆದರಿದೆ.

ಅದಾಗಿ ಎರಡು ದಿನಕ್ಕೆ ಬಾಯಿ ಎಂದಿನಂತೆ ಕೆಲಸ ಮುಗಿಸಿ ಮಣೆ ಹಾಸಿಗೆಯ ಮೇಲಿಟ್ಟು ಕಾಯಿ ತುಂಬಿಸಿದರು. ಅತ್ತೆ ಕೈ ಚಾಚಲಿಲ್ಲ.

"ಬೇಡ. ಎತ್ತಿಡು."

"ನೋವುಂಟಾ?"

"ಇಲ್ಲ."

"ಹೆದರಿದ್ರಾ? ನಾನು ಅಭ್ಯಾಸ ಮಾಡಿ ಬಂದಿದ್ದೇನೆ ಅಂತ?"

ಈ ಕೆಣಕಿಗೂ ಅತ್ತೆ ಏಳಲಿಲ್ಲ. ಮುಗಿಯಿತು, ಮತ್ತೆ ಆ ಪರದೆಯೊಳಗೆ ಹೋಗಿಬಿಟ್ಟರು ಅಂದುಕೊಂಡೆ. ಬಾಯಿಯ ಮುಖದಲ್ಲೂ ತಮಾಷೆ ಆರಿತು. "ಯಾಕಮ್ಮ?"

ಅತ್ತೆ ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಅಂದರು. "ಅಕ್ಕ-ತಂಗಿ ಚೆನ್ನೆ ಆಡಬಾರದು. ನಾನಂತೂ ಹೊರಟವಳು. ನಿನಗೇನಾದರೂ ಆದರೆ?"

ಬಿಲ್ಡಿಂಗಿಗೆ, ಲೋಕಲ್‌ಗೆ, ಮಳೆಗೆ, ಡಾಕ್ಟರಿಗೆ, ಎಲ್ಲರಿಗೂ ಉತ್ತರ ಇಟ್ಟ ಪಾವ್ಲಿನ್ ಬಾಯಿ ಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಗುಳಿಗಳಿಂದ ಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ಹಾಕಿದರು. ಮಣೆಯನ್ನು ತಾವೇ ಸ್ಟೂಲು ಹತ್ತಿ ಅಟ್ಟದ ಮೇಲಿಟ್ಟರು. ಆಮೇಲೆ ನಲ್ಲಿಗೆ ಹೋಗಿ, ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತ ಬಹಳ ಹೊತ್ತು ನಿಂತರು. ಅವತ್ತು ಪ್ರಾರ್ಥನೆ ಕೇಳಿಸಲಿಲ್ಲ.

ಅತ್ತೆ ಹೋದದ್ದು ಅದಾಗಿ ಆರನೇ ದಿನ, ಮಧ್ಯಾಹ್ನ. ಹಾಲ್‌ನ ನಡುವೆ, ತೆರೆದ ಕಿಟಕಿಯ ಬೆಳಕಿನಲ್ಲಿ. ಒಂದು ಕೈ ಮಗನ ಕೈಯಲ್ಲಿ, ಊದಿದ ಇನ್ನೊಂದು ಕೈ ಪಟ್ಟೆ ಸುತ್ತಿಕೊಂಡ ಬಾಯಿಯ ಮಡಿಲಲ್ಲಿ. ತುಳಸಿ ನೀರು ನಾನು ಬಿಟ್ಟೆ. ನೋವಿರಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಶುದ್ಧದ ಶಾಸ್ತ್ರ ಮುಗಿದು ಪುರೋಹಿತರು ಹೋಗಿದ್ದರು. ಮೆಟ್ಟಿಲಲ್ಲಿ ಬೈಗುಳ ಕೇಳಿಸಿತು. ಪಾವ್ಲಿನ್ ಬಾಯಿ ಪಟ್ಟೆಯ ತುಂಡನ್ನು ಒಗೆದು ಮಡಚಿ ತಂದಿದ್ದರು. ನಿಮ್ಮಲ್ಲೇ ಇರಲಿ ಅಂದೆ. ಬಾಯಿ ಅದನ್ನು ತಗಡಿನ ಪೆಟ್ಟಿಗೆಯಲ್ಲಿ ಕತ್ತರಿಯ ಪಕ್ಕಕ್ಕೆ ಇಟ್ಟುಕೊಂಡರು. ಮುಂದಿನ ಕೇಸು ಘಾಟ್ಕೋಪರಿನಲ್ಲಂತೆ, ನಾಳೆಯಿಂದ ಹೋಗಬೇಕಂತೆ. ಆಮೇಲೆ ನನ್ನನ್ನು ಬಾಗಿಲ ಬಳಿಗೆ ಕರೆದು ಕಿವಿಯ ಹತ್ತಿರ ಬಗ್ಗಿದರು.

"ಸೂತಕ ಇವತ್ತಿಗೆ ಕಳೀತಲ್ಲಾ?"

"ಹೌದು ಬಾಯಿ, ಬೆಳಿಗ್ಗೆಯೇ ಕಳೀತು."

"ದೇವಾ, ಬದುಕಿದೆ! ಹತ್ತು ದಿನ ಆಯ್ತು ಮಾರಾಯ್ತಿ, ಬಾಯಿಗೆ ಒಂದು ಮೀನಿನ ಮುಳ್ಳು ತಾಗಲಿಲ್ಲ. ಅದೂ ಈ ಬಂಗುಡೆ ಸೀಸನ್ನಿನಲ್ಲಿ! ಸ್ಟೇಷನ್ನಿನ ಹತ್ತಿರ ಮೀನು ಮಾರುವ ಕೋಳಿಣಿ 'ಕಾಯ್ ಗ ಬಾಯಿ, ಆಜಾರಿ ಆಹೇಸ್ ಕಾ?' ಅಂತ ದಿನಾ ಕೇಳ್ತಾಳೆ, ಕಾಯಿಲೆ ಬಿದ್ದಿದ್ದೀಯಾ ಅಂತ. ನಿನ್ನ ಅತ್ತೆ ಹೋಗ್ತಾ ಹೋಗ್ತಾ ನನ್ನನ್ನು ಕೊಂದ್ರು ನೋಡು. ಸಾಯ್ಬಾ ಭೊಗೊಸ್!"

"ನಿಮಗೆ ಯಾಕೆ ಬಾಯಿ ಸೂತಕ?"

"ಯಾಕೆ ಅಂದ್ರೆ? ಅವರು ಅಂದದ್ದು ನೀನೇ ಕೇಳಿಸ್ಕೊಂಡಿದ್ದೀಯಲ್ಲ. ಸತ್ತದ್ದು ನನ್ನ ಅಕ್ಕ. ನಾನು ಹಿಡೀದೆ ಮತ್ತೆ ಯಾರು ಹಿಡೀಬೇಕು?"

ಮದುವೆಯಾಗಿ ಬೇರೆ ಮನೆಗೆ ಹೋದ ಅಕ್ಕನಿಗೆ ತಂಗಿ ಹತ್ತು ದಿನ ಹಿಡಿಯಬೇಕಾಗಿಲ್ಲ, ಮೂರೇ ದಿನ ಸಾಕು. ಹೇಳಲು ನನ್ನ ಬಾಯಿ ತೆರೆಯಿತು. ಆ ಏಳು ದಿನದ ಬಂಗುಡೆಗೆ ಅವರು ನನ್ನನ್ನು, ನಮ್ಮ ಶಾಸ್ತ್ರವನ್ನು, ಪುರೋಹಿತರನ್ನು ಸೇರಿಸಿ ಏನೇನು ಬೈಯುತ್ತಾರೋ ಎಂದು ನೆನೆದು ಮುಚ್ಚಿಕೊಂಡೆ.

"ಸರಿಯಾಗಿ ಹಿಡಿದಿದ್ದೀರಿ ಬಾಯಿ," ಅಂದೆ.

ಅವರು ಮೆಟ್ಟಿಲಿಗೆ ಬೈಯುತ್ತ ಇಳಿದು ಹೋದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಕಿಟಕಿಯಿಂದ ನೋಡಿದೆ. ಗಂಡಸರ ಆ ಕೊಡೆ ಸ್ಟೇಷನ್ನಿನವರೆಗೆ ಹೋಯಿತು, ಪ್ಲಾಟ್‌ಫಾರಮ್ಮಿನ ಕಡೆ ತಿರುಗಲಿಲ್ಲ. ಸೀದಾ ಮೀನು ಮಾರುವವರ ಸಾಲಿಗೆ ನುಗ್ಗಿತು. ಹನ್ನೊಂದು ದಿನದಲ್ಲಿ ಒಂದು ಹನಿ ಕಣ್ಣೀರು ಹಾಕದಿದ್ದ ನನಗೆ ಆಗ ಅಳು ಬಂತು. ನಗುತ್ತಲೇ ಬಂತು.